ಪದವಿನ ನಿಲಸುಗಲ್ಲು: ಮೊದಲು ಬುಡ ನೋಡಿ

ಮುಳಿಹುಲ್ಲು ಕೊಯ್ದು ಮುಗಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ, ಕಾಸರಗೋಡಿನ ಪದವುಗಳು, ಅಂದರೆ ಗುಡ್ಡದ ತಲೆಯ ಕಲ್ಲುಬಯಲುಗಳು, ಬೋಳಾಗುತ್ತವೆ. ನಿಲಸುಗಲ್ಲು, ಅಂದರೆ ಕಬ್ಬಿಣ ಯುಗದ ಜನ ನೆಟ್ಟು ನಿಲ್ಲಿಸಿದ ಕಲ್ಲು, ಹುಡುಕುವವರಿಗೆ ಅದೇ ಸುಗ್ಗಿ. ಅದಕ್ಕೆ ಮೊದಲು ಹೋದರೆ ಮೊಣಕಾಲೆತ್ತರದ ಕಲ್ಲು ಹುಲ್ಲಿನೊಳಗೆ ಎಡವಿದರೆ ಮಾತ್ರ ಸಿಗುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಕಾಲೇ ನಿಲ್ಲುವುದಿಲ್ಲ. ಹೊತ್ತೂ ಮುಖ್ಯ: ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ. ಬಿಸಿಲು ಓರೆಯಾಗಿ ಬಿದ್ದಾಗ ಒಂದು ಗೇಣು ತಗ್ಗಿಗೂ ನೆರಳು ಮೂಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹಳ್ಳ, ದಿಣ್ಣೆ, ಕೆತ್ತಿದ ಗೆರೆ ಎಲ್ಲ ಒಂದೇ ಬಣ್ಣ.

ಈಚೆಗೆ ಪದವಿನಲ್ಲಿ ಯಾವ ಕಲ್ಲು ನೆಟ್ಟಗೆ ನಿಂತಿದ್ದರೂ ಫೋಟೊ ತೆಗೆದು ‘ಮೂರು ಸಾವಿರ ವರ್ಷ ಹಳೆಯದು’ ಎಂದು ವಾಟ್ಸಾಪಿಗೆ ಹಾಕುವುದು ಹೆಚ್ಚಾಗಿದೆ. ಕೆಲವು ನಿಜವಾಗಿಯೂ ಹಳೆಯವು. ಹಲವು ಸರ್ವೆ ಕಲ್ಲು, ಬೇಲಿಗೂಟ, ಇಲ್ಲವೇ ಕಲ್ಲುಕೋರೆಯವರು ಬಿಟ್ಟುಹೋದ ಮೊಂಡು. ಕಲ್ಲಿನ ತಲೆ, ಮೈ, ಎತ್ತರ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಪುರಾವೆ ಇರುವುದು ಅದರ ಬುಡದಲ್ಲಿ, ಬುಡದ ಸುತ್ತಲಿನ ಐವತ್ತು ಮೀಟರ್ ನೆಲದಲ್ಲಿ.

ನೆಲದಿಂದಲೇ ಆರಂಭಿಸೋಣ. ನಮ್ಮ ಪದವುಗಳ ಮೇಲ್ಮೈ ಗಟ್ಟಿ ಮುರಕಲ್ಲು. ಅದರ ಮೇಲೆ ಮಣ್ಣು ಹೆಚ್ಚೆಂದರೆ ಗೇಣುದ್ದ, ಎಷ್ಟೋ ಕಡೆ ಅದೂ ಇಲ್ಲ. ಗಟ್ಟಿ ಪದರದ ಕೆಳಗೆ ಕಲ್ಲು ಮೆದುವಾಗುತ್ತಾ ಹೋಗಿ ಕೊನೆಗೆ ಜೇಡಿಮಣ್ಣಾಗುತ್ತದೆ. ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಮಲಪ್ಪುರಂ ಕಡೆಯ ಅಂಗಾಡಿಪುರಂನಲ್ಲಿ ಅದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ. ನೆಲದೊಳಗೆ ಹಸಿಯಾಗಿದ್ದಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಬಗ್ಗುವ ಕಲ್ಲು, ಗಾಳಿ ಬಿಸಿಲು ತಾಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದ ವಿಶೇಷ. ಒಳಗಿನ ಕಬ್ಬಿಣದ ಆಕ್ಸೈಡು ಒಣಗಿ ಬಿಗಿದುಕೊಳ್ಳುವುದು ಇದಕ್ಕೆ ಕಾರಣ. ಮತ್ತೆ ನೆನೆಸಿದರೂ ಅದು ಮೊದಲಿನಷ್ಟು ಮೆದುವಾಗದು. ಕಬ್ಬಿಣ ಯುಗದ ಜನ ಈ ಗುಣವನ್ನು ಚೆನ್ನಾಗಿ ಅರಿತಿದ್ದರು. ಕೇರಳದ ಕೊಡೆಕಲ್ಲು, ಟೋಪಿಕಲ್ಲು, ಬಂಡೆ ಕೊರೆದ ಗವಿಗೋರಿ ಎಂಬ ಆ ಕಾಲದ ಸಮಾಧಿಗಳೆಲ್ಲ ಮುರಕಲ್ಲಿರುವ ಕಡೆಯೇ ಹೆಚ್ಚಾಗಿ ಸಿಗುವುದು ಇದಕ್ಕೇ.

ಆಳೆತ್ತರದ ಕಲ್ಲಿನ ಲೆಕ್ಕ ಹಾಕಿದರೆ ಕೆಲಸದ ಗಾತ್ರ ತಿಳಿಯುತ್ತದೆ. ನೆಲದ ಮೇಲೆ 2 ಮೀಟರ್, ನೆಲದೊಳಗೆ ಅರ್ಧ ಮೀಟರ್, ಅಗಲ 80 ಸೆಂ.ಮೀ., ದಪ್ಪ 35 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಟ್ಟು 0.7 ಘನ ಮೀಟರ್. ಮುರಕಲ್ಲು ಘನ ಮೀಟರಿಗೆ ಸುಮಾರು 2 ಟನ್ ತೂಗುತ್ತದೆ, ಹಾಗಾಗಿ ಈ ಕಲ್ಲಿನ ತೂಕ 1.4 ಟನ್. ಸಮತಟ್ಟು ನೆಲದಲ್ಲಿ ಎಳೆಯಲು ತೂಕದ ಅರ್ಧದಷ್ಟು ಬಲ ಬೇಕೆಂದು ಹಿಡಿದರೆ 700 ಕಿಲೊ. ಒಬ್ಬೊಬ್ಬರು 30 ಕಿಲೊ ಬಲದಲ್ಲಿ ಜಗ್ಗಿದರೆ ಇಪ್ಪತ್ತಮೂರು, ಇಪ್ಪತ್ತನಾಲ್ಕು ಜನ. ಅಡಿಗೆ ಮರದ ದಿಮ್ಮಿ ಕೊಟ್ಟರೆ ಇನ್ನೂ ಕಡಿಮೆ. ಒಂದು ಊರಿನ ಜನಕ್ಕೆ ಒಂದು ದಿನದಲ್ಲಿ ಆಗುವ ಕೆಲಸ. ರಾಕ್ಷಸರೂ ಬೇಡ, ಭೀಮನೂ ಬೇಡ.

ಇನ್ನು ಬುಡ. ಒಣ ಎಲೆ, ಹುಲ್ಲಿನ ಕಡ್ಡಿಗಳನ್ನು ಕೈಯಿಂದ ಸರಿಸಿ, ಅಷ್ಟೇ. ಹಾರೆ, ಪಿಕ್ಕಾಸು, ಕತ್ತಿ ಮುಟ್ಟಬೇಡಿ. ನೋಡಬೇಕಾದ ಮೊದಲ ವಿಷಯ, ಕಲ್ಲಿನ ಸುತ್ತ ಸಂದು ಇದೆಯೇ ಎಂಬುದು. ಕಲ್ಲು ಕೆಳಗಿನ ಬಂಡೆಯೊಂದಿಗೆ ಎಲ್ಲಿಯೂ ಸಂದಿಲ್ಲದೆ ಕೂಡಿಕೊಂಡಿದ್ದರೆ ಅದನ್ನು ಯಾರೂ ನೆಟ್ಟಿಲ್ಲ: ತಾನಾಗಿ ಉಳಿದದ್ದು, ಅಥವಾ ಸುತ್ತ ಕಡಿದು ಬಿಟ್ಟದ್ದು. ಸಂದು ಇದ್ದರೆ ಅದರಲ್ಲಿ ಏನು ತುಂಬಿದೆ ನೋಡಿ. ನೆಟ್ಟ ಕಲ್ಲಿಗೆ ಬಂಡೆಯಲ್ಲಿ ಗುಳಿ ತೋಡಿ, ಕಲ್ಲನ್ನು ಇಳಿಸಿ, ಉಳಿದ ಜಾಗಕ್ಕೆ ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದವರೆಗಿನ ಬೆಣೆಕಲ್ಲುಗಳನ್ನು ಜಡಿದಿರುತ್ತಾರೆ. ಅವು ಬಿಗಿಯಾಗಿ, ಓರೆಯಾಗಿ, ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದರೆ ಒಳ್ಳೆಯ ಲಕ್ಷಣ. ಸಡಿಲ ಮಣ್ಣು, ಸಿಮೆಂಟಿನ ಚೂರು, ಪ್ಲಾಸ್ಟಿಕ್ ಕಂಡರೆ ಕಲ್ಲು ಈಚಿನದು, ಇಲ್ಲವೇ ಹಳೆಯ ಕಲ್ಲನ್ನು ಈಚೆಗೆ ಮತ್ತೆ ನೆಟ್ಟಿದ್ದಾರೆ. ಈ ಎರಡನೆಯದು ಸಾಮಾನ್ಯವೇ. ತೋಟ ಮಾಡುವಾಗ ಬಿದ್ದ ಕಲ್ಲನ್ನು ಭಯಭಕ್ತಿಯಿಂದ ಎತ್ತಿ ಪಕ್ಕಕ್ಕೆ ನಿಲ್ಲಿಸುವವರಿದ್ದಾರೆ. ಕಲ್ಲು ಹಳೆಯದಾಗಿದ್ದರೂ ಆಗ ಅದರ ದಿಕ್ಕು, ಜಾಗ ಎರಡೂ ಸಾಕ್ಷಿಗೆ ಬಾರದು.

ಎರಡನೆಯದು ಸವೆತ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣ ಮತ್ತು ನೈಋತ್ಯದಿಂದ. ನೂರಾರು ಮಳೆಗಾಲ ಒಂದೇ ಕಡೆ ನಿಂತ ಕಲ್ಲಿನ ಆ ಮುಖ ಮತ್ತು ತಲೆ ಹೆಚ್ಚು ತೂತುಬಿದ್ದು ಒರಟಾಗಿರಬೇಕು, ಮೂಡಣ ಮುಖ ತುಸು ನಯ. ಸವೆತ ತಲೆಕೆಳಗಾಗಿದ್ದರೆ, ಅಂದರೆ ಮೂಡಣ ಮುಖ ತಿಂದುಹೋಗಿ ಪಡುವಣ ಮುಖದ ಅಂಚುಗಳು ಚೂಪಾಗಿದ್ದರೆ, ಕಲ್ಲು ತಿರುಗಿದೆ ಅಥವಾ ಮಲಗಿ ಎದ್ದಿದೆ. ಕಲ್ಲುಹೂವು ಎಷ್ಟು ದಪ್ಪ ಹಿಡಿದಿದೆ ಎಂಬುದರಿಂದ ವಯಸ್ಸು ಹೇಳುವವರನ್ನು ನಂಬಬೇಡಿ. ಈ ಮಳೆಯಲ್ಲಿ ಹೊಸ ಕಾಂಪೌಂಡಿನ ಕಲ್ಲೂ ಬೇಗನೆ ಕಪ್ಪಾಗುತ್ತದೆ.

ಮೂರನೆಯದು ಹತಾರದ ಗುರುತು. ಯಂತ್ರದಲ್ಲಿ ಕಡಿದ ಕಲ್ಲಿನ ಮೇಲೆ ನೇರವಾದ ಸಮಾನಾಂತರ ಗೀರುಗಳು, ಮೂಲೆಗಳು ತೊಂಬತ್ತು ಡಿಗ್ರಿ. ಕೈಕೊಡಲಿಯಲ್ಲಿ ಕೆತ್ತಿದ್ದರೆ ಚಿಕ್ಕಚಿಕ್ಕ ಓರೆ ಏಟುಗಳು. ಇದು ಐವತ್ತು ವರ್ಷದ ಹಿಂದಿನ ಮನೆಕಲ್ಲಿನಲ್ಲೂ ಇರುತ್ತದೆ, ಆದ್ದರಿಂದ ಇದೊಂದರಿಂದಲೇ ಏನೂ ಸಿದ್ಧವಾಗದು. ಹಳೆಯ ನಿಲಸುಗಲ್ಲಿನಲ್ಲಿ ಏಟಿನ ಗುರುತು ಮಳೆಗೆ ಅಳಿದೇ ಹೋಗಿರುವುದು ಹೆಚ್ಚು.

ಮೋಸ ಮಾಡುವ ಕಲ್ಲುಗಳನ್ನು ಗುರುತಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. 1956ರ ನವೆಂಬರ್ 1ರವರೆಗೆ ನಮ್ಮದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಆ ಕಾಲದ ಸರ್ವೆ ಕಲ್ಲುಗಳು ಪದವಿನ ತುಂಬ ಇವೆ. ಹೆಚ್ಚಿನವು ಕಗ್ಗಲ್ಲಿನವು, ಮೊಣಕಾಲಿಗಿಂತ ಕಡಿಮೆ ಎತ್ತರ, ತಲೆಯ ಮೇಲೆ ಗುರುತು ಕೆತ್ತಿರುತ್ತಾರೆ. ಮುರಕಲ್ಲಿನ ಪದವಿನಲ್ಲಿ ಒಂಟಿ ಕಗ್ಗಲ್ಲು ಕಂಡರೆ ಮೊದಲು ಅದರ ನೆತ್ತಿ ನೋಡಿ, ಆಮೇಲೆ ಗ್ರಾಮ ಕಚೇರಿಯ ನಕ್ಷೆ ನೋಡಿ. ಹಳೆಯ ಕಾಲುದಾರಿಯ ಪಕ್ಕದಲ್ಲಿ ಎರಡು ಕಂಬ, ಮೇಲೊಂದು ಅಡ್ಡಕಲ್ಲು ಇದ್ದರೆ ಅದು ತಲೆಹೊರೆ ಇಳಿಸುವ ಕಲ್ಲು. ಅಡ್ಡಕಲ್ಲು ಬಿದ್ದುಹೋಗಿ ಕಂಬವೊಂದೇ ಉಳಿದಾಗ ಎಂಥವರೂ ಮೋಸ ಹೋಗುತ್ತಾರೆ. ಅದರ ಜೋಡಿಯ ಗುಳಿ ನಾಲ್ಕೈದು ಅಡಿ ಆಚೆ ಇದ್ದೇ ಇರುತ್ತದೆ. ಭೂತದ ಕಲ್ಲು, ನಾಗನ ಕಲ್ಲುಗಳಿಗೆ ಕಟ್ಟೆ, ಎಣ್ಣೆಯ ಕಲೆ, ಹೂವು, ವರ್ಷಕ್ಕೊಮ್ಮೆ ತಂಬಿಲ ಎಂಬ ಪೂಜೆ ಇರುವುದರಿಂದ ಗೊಂದಲ ಕಡಿಮೆ. ಆದರೆ ಹಳೆಯ ನಿಲಸುಗಲ್ಲಿಗೇ ಈಚೆಗೆ ಪೂಜೆ ಶುರುವಾಗಿರಬಹುದು, ಹಾಗಾಗಿ ಪೂಜೆ ಇದೆ ಎಂದಮಾತ್ರಕ್ಕೆ ಪಟ್ಟಿಯಿಂದ ತೆಗೆಯಬೇಡಿ. ಮನೆಯವರ ಒಪ್ಪಿಗೆ ಇಲ್ಲದೆ ಹತ್ತಿರ ಹೋಗುವುದೂ ಬೇಡ. ಮಣ್ಣು ತೆಗೆಯುವ ಕಡೆ ಎಷ್ಟು ಆಳ ಹೋಯಿತೆಂದು ಅಳೆಯಲು ಬಿಟ್ಟ ಕಂಬಗಳಂತೂ ಮಳೆ ನಾಲ್ಕು ಕಂಡ ಮೇಲೆ ಪಾಂಡವರ ಕಾಲದ್ದೇ ಎನಿಸುತ್ತವೆ.

ಒಂಟಿ ಕಲ್ಲು ಹೆಚ್ಚು ಮಾತಾಡುವುದಿಲ್ಲ. ಅದರ ಜೊತೆಗಾರರನ್ನು ಹುಡುಕಬೇಕು. ಕಲ್ಲನ್ನು ನಡುವಿಟ್ಟು 100 ಮೀಟರ್ ಉದ್ದ ಅಗಲದ ಚೌಕ ಗುರುತಿಸಿ, 5 ಮೀಟರಿಗೊಂದು ಸಾಲಿನಂತೆ ನಡೆಯಿರಿ. ಇಪ್ಪತ್ತು ಸಾಲು, ಎರಡು ಕಿಲೊಮೀಟರ್ ನಡಿಗೆ; ನೆಲ ನೋಡುತ್ತಾ ನಿಧಾನ ಹೋದರೆ ಎರಡು ಗಂಟೆ. ಇದನ್ನು ಬಿಟ್ಟು ಮನಸ್ಸು ಬಂದಂತೆ ಅಡ್ಡಾಡಿದರೆ ಕಣ್ಣು ಎದ್ದು ಕಾಣುವುದರ ಕಡೆಗೇ ಹೋಗುತ್ತದೆ, ಮಲಗಿದ ಕಲ್ಲು ತಪ್ಪಿಹೋಗುತ್ತದೆ. ಕಾಣಬಹುದಾದವು: ನೆಲಮಟ್ಟದಲ್ಲಿ ಮುರಿದ ಕಲ್ಲಿನ ಮೊಂಡು, ಕಲ್ಲು ಎಬ್ಬಿಸಿದ ಆಯತಾಕಾರದ ತಗ್ಗು, ದುಂಡಗೆ ಜೋಡಿಸಿದ ಕಲ್ಲುಗಳು, ಗೇಣಗಲದ ದುಂಡು ತೂತು.

ಈ ತೂತಿನ ಬಗ್ಗೆ ಎಚ್ಚರ. ಅದು ಕೊರೆದ ಗವಿಗೋರಿಯ ಮಾಡಿನ ಬಾಯಿ ಇರಬಹುದು. ನಮ್ಮ ಜಿಲ್ಲೆಯ ತೆಂಕು ಭಾಗದಲ್ಲಿ ಇವು ಮತ್ತೆ ಮತ್ತೆ ಸಿಗುತ್ತವೆ. ಮಲಯಾಳದವರು ಮುನಿಯರ, ಚೆಂಗಲ್ಲರ ಎನ್ನುತ್ತಾರೆ. ಕಿನಾನೂರು-ಕರಿಂದಳಂ ಪಂಚಾಯತಿನ ಉಮಿಚ್ಚಿಪೊಯಿಲ್‌ನಲ್ಲಿ ಇಂಥವು ಪುರಾತತ್ತ್ವಜ್ಞರ ಅಧ್ಯಯನಕ್ಕೆ ಒಳಗಾಗಿವೆ. ರಚನೆ ಹೀಗೆ: ಬಂಡೆಯಲ್ಲಿ ಮೊದಲು ಆಯತಾಕಾರದ ಗುಂಡಿ ತೋಡುತ್ತಾರೆ, ಅದರ ಒಂದು ಗೋಡೆಯಲ್ಲಿ ತೆವಳಿ ಹೋಗುವಷ್ಟು ಚಿಕ್ಕ ಬಾಗಿಲು, ಒಳಗೆ ದುಂಡನೆಯ ಕೋಣೆ, ಮೇಲೆ ಗುಮ್ಮಟದಂಥ ಮಾಡು, ಕೆಲವೊಮ್ಮೆ ನೆತ್ತಿಯಲ್ಲಿ ತೂತು ಮತ್ತು ಅದಕ್ಕೊಂದು ಕಲ್ಲಿನ ಮುಚ್ಚಳ. ನೀರಿಗಾಗಿ ಗುಡ್ಡ ಕೊರೆದ ಸುರಂಗ ನೋಡಿ ಬೆಳೆದ ನಮ್ಮವರು ಇದನ್ನೂ ಸುರಂಗ ಎಂದುಕೊಳ್ಳುವುದು ಸಹಜ. ವ್ಯತ್ಯಾಸ ಸುಲಭ. ಸುರಂಗ ಗುಡ್ಡದ ಮಗ್ಗುಲಲ್ಲಿ ಬಾಯಿ ತೆರೆದು, ಒಬ್ಬ ಆಳು ನಿಂತು ಪಿಕ್ಕಾಸು ಬೀಸುವಷ್ಟು ಎತ್ತರವಾಗಿ, ಉದ್ದಕ್ಕೆ ಹೋಗುತ್ತದೆ, ನೀರಿನ ಹಾದಿ ಇರುತ್ತದೆ. ಗವಿಗೋರಿ ಗುಡ್ಡದ ತಲೆಯಲ್ಲಿ, ಒಣ ಜಾಗದಲ್ಲಿ, ಕುಳ್ಳು, ದುಂಡು, ಅಲ್ಲಿಗೇ ಮುಗಿಯುತ್ತದೆ.

ಒಳಗೆ ಇಳಿಯಬೇಡಿ. ಗಾಳಿ ಕೆಟ್ಟಿರಬಹುದು, ಹಾವು ಮುಳ್ಳುಹಂದಿ ಇರಬಹುದು. ಇದೆಲ್ಲದಕ್ಕಿಂತ ದೊಡ್ಡ ಅಪಾಯ ಮಾಡು: ಮೇಲೆ ಮಣ್ಣು ತೆಗೆದು ಮುರಕಲ್ಲು ತೆಳುವಾದ ಕಡೆ ನಿಮ್ಮ ತೂಕಕ್ಕೇ ಕುಸಿಯುತ್ತದೆ. ಜೆಸಿಬಿಯ ಚಕ್ರ ಇಳಿದಾಗಲೇ ಎಷ್ಟೋ ಗವಿಗಳು ಹೊರಬಿದ್ದಿರುವುದು.

ಕೊಡೆಕಲ್ಲು ಬೇರೆ ಬಗೆ. ನಾಲ್ಕು ಕೆತ್ತಿದ ಮುರಕಲ್ಲುಗಳು ಒಳಕ್ಕೆ ವಾಲಿ, ಬುಡದಲ್ಲಿ ಚೌಕ, ಮೇಲೆ ದುಂಡಾಗಿ ಕೂಡಿಕೊಳ್ಳುತ್ತವೆ. ಅದರ ಮೇಲೆ ಕೊಡೆಯಂಥ ಮುಚ್ಚಳ. ಕೊಡೆ ಮಾತ್ರ ನೆಲಕ್ಕೆ ತಾಗಿ ಕೂತಿದ್ದರೆ ಟೋಪಿಕಲ್ಲು, ಅದರಡಿ ಮಡಕೆ ಇಟ್ಟ ಗುಂಡಿ. ಚೆನ್ನಾಗಿ ಉಳಿದದ್ದು ನೋಡಬೇಕೆಂದರೆ ತೃಶ್ಶೂರು ಜಿಲ್ಲೆಯ ಚೇರಮನಂಗಾಡ್ ಮತ್ತು ಅರಿಯನ್ನೂರು. ಎರಡೂ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಬಿಡಿಬಿಡಿಯಾಗಿ ಬಿದ್ದ ಕೊಡೆಕಲ್ಲಿನ ಒಂದು ಕಾಲನ್ನು ನಿಲಸುಗಲ್ಲು ಎಂದು ತಪ್ಪು ತಿಳಿಯುವುದುಂಟು. ಅದರ ಒಂದು ಮುಖ ಚಪ್ಪಟೆ, ಇನ್ನೊಂದು ಬಾಗಿರುತ್ತದೆ, ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ.

ನೆಲದ ಮೇಲೆ ಮಡಕೆಚೂರು ಕಂಡರೆ ಬಿದ್ದಲ್ಲೇ ಇರಲಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಒಳಗೂ ಕಂಠದಲ್ಲೂ ಕಪ್ಪು, ಹೊರಮೈ ಕೆಂಪು ಇರುವ ಚೂರು ಈ ಕಾಲದ ಗುರುತು: ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗಿ, ಗಾಳಿ ತಾಗಿದ ಭಾಗ ಕೆಂಪಾಗುತ್ತದೆ. ಕೇರಳದ ಗೋರಿಗಳಲ್ಲಿ ನಾಲ್ಕು ಕಾಲಿನ ಮಡಕೆಗಳೂ ಸಿಕ್ಕಿವೆ. ಮೂಳೆ ಸಿಗುವುದು ಅಪರೂಪ, ಮುರಕಲ್ಲಿನ ಹುಳಿಮಣ್ಣು ಅದನ್ನು ಕರಗಿಸಿಬಿಡುತ್ತದೆ. ‘ಗೋರಿಯಾದರೆ ಮೂಳೆ ಎಲ್ಲಿ?’ ಎಂದು ವಾದಿಸುವವರಿಗೆ ಇಷ್ಟು ಸಾಕು.

ದಾಖಲೆಗೆ ಬೇಕಾದದ್ದು 30 ಮೀಟರ್ ಟೇಪು, 5 ಮೀಟರ್ ಟೇಪು, ದಿಕ್ಸೂಚಿ, 20 ಸೆಂ.ಮೀ.ಗೊಂದು ಬಣ್ಣ ಬಳಿದ ಒಂದು ಮೀಟರ್ ಕೋಲು, ಗೆರೆಹಾಳೆ, ಪೆನ್ಸಿಲ್. ಪೆನ್ನು ಬೇಡ, ಬೆವರಿಗೆ ಶಾಯಿ ಹರಡುತ್ತದೆ. ಏನನ್ನೂ ಸರಿಸುವ ಮೊದಲು ನಾಲ್ಕು ದಿಕ್ಕಿನಿಂದ ಕೋಲು ಸಮೇತ ಫೋಟೊ. ಎತ್ತರವನ್ನು ನಾಲ್ಕೂ ಬದಿಯಲ್ಲಿ ಅಳೆಯಬೇಕು, ನೆಲ ಇಳಿಜಾರಾಗಿದ್ದರೆ ಒಂದೇ ಕಲ್ಲಿಗೆ ಗೇಣುದ್ದ ವ್ಯತ್ಯಾಸ ಬರುತ್ತದೆ. ಅಗಲ ಮತ್ತು ದಪ್ಪ ಬುಡ, ನಡು, ತುದಿ ಮೂರು ಕಡೆ. ಎಷ್ಟು ಡಿಗ್ರಿ ವಾಲಿದೆ, ಯಾವ ಕಡೆಗೆ ಎಂಬುದೂ ಬೇಕು. ದಿಕ್ಸೂಚಿಯನ್ನು ಕಲ್ಲಿನ ಮೇಲಿಡದೆ ಎದೆಯೆತ್ತರದಲ್ಲಿ ಹಿಡಿಯಿರಿ, ಎರಡು ಮೀಟರ್ ಹಿಂದೆ ಸರಿದು ಇನ್ನೊಮ್ಮೆ ಓದಿ. ಎರಡು ಓದು ಹೊಂದದಿದ್ದರೆ ಹತ್ತಿರದಲ್ಲಿ ಕಬ್ಬಿಣ ಇದೆ: ಬೇಲಿತಂತಿ, ಬೆಲ್ಟಿನ ಬಕಲ್ಲು, ಅಯಸ್ಕಾಂತ ಇರುವ ಮೊಬೈಲ್ ಕವರು. ನಮ್ಮಲ್ಲಿ ಅಯಸ್ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ. ಯಾವುದನ್ನು ಬರೆದಿರಿ ಎಂಬುದನ್ನು ಮಾತ್ರ ನಮೂದಿಸಿ.

ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಐದು ಸ್ಥಾನಕ್ಕೆ ಬರೆದರೆ ಸುಮಾರು ಒಂದು ಮೀಟರಿನ ಸೂಕ್ಷ್ಮತೆ. ಮೊಬೈಲಿನ ತಪ್ಪೇ ಬಯಲಲ್ಲಿ ಮೂರರಿಂದ ಐದು ಮೀಟರ್ ಇರುವಾಗ ಆರನೆಯ ಸ್ಥಾನ ಬರೀ ಶೋಕಿ. ದೊಡ್ಡ ಅನಾಹುತ ಆಗುವುದು ಮಿನಿಟನ್ನೂ ದಶಮಾಂಶವನ್ನೂ ಬೆರೆಸಿದಾಗ. 12 ಡಿಗ್ರಿ 30 ಮಿನಿಟು ಎಂದರೆ 12.5. ಅದನ್ನು 12.30 ಎಂದು ಬರೆದರೆ ಕಲ್ಲು 22 ಕಿಲೊಮೀಟರ್ ತೆಂಕಕ್ಕೆ ಹೋಗುತ್ತದೆ: ಕಾಸರಗೋಡು ಪೇಟೆಯ ಪಕ್ಕದ ಪದವಿನಲ್ಲಿದ್ದದ್ದು ಹೊಸದುರ್ಗದ ಪಡುವಣ ಕಡಲಲ್ಲಿ ಮುಳುಗಿರುತ್ತದೆ.

ಒಂದಕ್ಕಿಂತ ಹೆಚ್ಚು ಕಲ್ಲಿದ್ದರೆ ನಕ್ಷೆ ಬರೆಯಿರಿ. ಉತ್ತರ-ದಕ್ಷಿಣಕ್ಕೆ ಟೇಪು ಎಳೆದು, ಅದರಿಂದ ಪ್ರತಿ ಕಲ್ಲಿಗೆ ಲಂಬವಾಗಿ ಅಳೆಯುವುದು. ಲಂಬ ಸರಿಯಿದೆಯೇ ನೋಡಲು 3, 4, 5 ಮೀಟರಿನ ತ್ರಿಕೋನ ಸಾಕು. ನಕ್ಷೆ ಸಿದ್ಧವಾದ ಕೂಡಲೇ ಗೆರೆ ಎಳೆದು ಸೂರ್ಯನಿಗೆ ಹೊಂದಿಸುವ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ, ಲೆಕ್ಕ ಬೇಕು. ನಮ್ಮ ಅಕ್ಷಾಂಶದಲ್ಲಿ ಜೂನ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಉತ್ತರದಿಂದ 66 ಡಿಗ್ರಿಯಲ್ಲಿ, ಮುಳುಗುವುದು 294ರಲ್ಲಿ. ಡಿಸೆಂಬರಿನಲ್ಲಿ 114 ಮತ್ತು 246. ಮೂಡಲಿನ ಘಟ್ಟ 3 ಡಿಗ್ರಿ ಎತ್ತರಕ್ಕೆ ಕಂಡರೆ ಹುಟ್ಟುವ ಜಾಗ ಮುಕ್ಕಾಲು ಡಿಗ್ರಿಯಷ್ಟು ತೆಂಕಕ್ಕೆ ಸರಿಯುತ್ತದೆ. ಈಗ ಹತ್ತು ಕಲ್ಲು ಇವೆ ಎನ್ನಿ. ಎರಡೆರಡನ್ನು ಸೇರಿಸಿದರೆ 45 ಗೆರೆಗಳು. ಆಚೀಚೆ ಎರಡೆರಡು ಡಿಗ್ರಿ ರಿಯಾಯಿತಿ ಕೊಟ್ಟರೆ, ಕಲ್ಲುಗಳನ್ನು ಕಣ್ಣುಮುಚ್ಚಿ ಎಸೆದಿದ್ದರೂ ಸರಾಸರಿ ಎರಡು ಗೆರೆ ಸೂರ್ಯನಿಗೆ ಹೊಂದುತ್ತವೆ. ನಲವತ್ತೈದರಲ್ಲಿ ಎರಡು ಗೆರೆ ಹೊಂದಿತೆಂದು ವೇಧಶಾಲೆ ಎನ್ನಬಾರದು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯ ನಿಲಸ್ಕಲ್ಲು ಮತ್ತು ಬೈಸೆ ಊರುಗಳಲ್ಲಿ ಅಯನದ (ಜೂನ್, ಡಿಸೆಂಬರಿನ) ಸೂರ್ಯನಿಗೆ ಹೊಂದಿಕೆ ಇದೆ ಎಂದು ಸಂಶೋಧಕರು ವಾದಿಸಿರುವುದು ಇಡೀ ನೆಲೆಯನ್ನು ಅಳೆದು, ಹಲವು ಜೋಡಿಗಳನ್ನು ತೋರಿಸಿ. ಕೃಷ್ಣಾ ತೀರದ ಮುಡುಮಾಲ್, ಶಹಾಪುರದ ವಿಭೂತಿಹಳ್ಳಿಗಳಲ್ಲಿ ಕಲ್ಲುಗಳ ಸಾಲುಗಳೇ ಇವೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಕಲ್ಲುಸಾಲುಗಳ ಚಿತ್ರ ಪಕ್ಕದಲ್ಲಿಟ್ಟು ‘ಒಂದೇ ಜನ’ ಎನ್ನುವವರಿಗೆ ಒಂದು ಮಾತು: ಅವು ನವಶಿಲಾಯುಗದ ಕೊನೆ ಮತ್ತು ಕಂಚಿನ ಯುಗದವು, ಇಲ್ಲಿಯ ಗೋರಿಗಳಲ್ಲಿ ಸಿಗುವುದು ಕಬ್ಬಿಣ.

ಕಲ್ಲು ಕೆಡುವುದು ಹೇಗೆ? ಹೆಚ್ಚಿನವು ನೆಲಮಟ್ಟದಲ್ಲಿ ಮುರಿಯುತ್ತವೆ. ಅಲ್ಲಿ ವರ್ಷ ವರ್ಷ ನೆನೆದು ಒಣಗಿ ಕಲ್ಲು ಪುಡಿಯಾಗುತ್ತದೆ, ಹುಲ್ಲಿಗೆ ಬೆಂಕಿ ಬಿದ್ದಾಗ ಬಿಸಿ ತಾಗುವುದೂ ಅಲ್ಲಿಗೇ, ಸಾಲದ್ದಕ್ಕೆ ದನ ಮೈ ಉಜ್ಜುತ್ತದೆ. ಬುಡದ ಸುತ್ತ ಎರಡು ಮೀಟರ್ ಹುಲ್ಲು ಕೈಯಲ್ಲಿ ಕೊಯ್ದರೆ ಬೆಂಕಿಯ ಹಾನಿ ತಪ್ಪುತ್ತದೆ. ಬೇರು ಕೀಳಬಾರದು, ಬೆಣೆಕಲ್ಲು ಸಡಿಲವಾಗುತ್ತದೆ. ಭಕ್ತಿಯಿಂದ ಆಗುವ ಹಾನಿ ಇನ್ನೂ ಹೆಚ್ಚು. ಸುತ್ತ ಸಿಮೆಂಟು ಕಟ್ಟೆ ಕಟ್ಟಿದರೆ ನೀರು ಹೊರಹೋಗದೆ ಕಲ್ಲಿನೊಳಗೇ ನಿಂತು, ಕಟ್ಟೆಯ ಅಂಚಿಗೆ ಸರಿಯಾಗಿ ಮುರಕಲ್ಲು ಉದುರುತ್ತದೆ. ಸುಣ್ಣ, ಪೇಂಟು, ತಂತಿಬ್ರಶ್, ವಾಲಿದ್ದನ್ನು ನೆಟ್ಟಗೆ ಮಾಡುವುದು, ಕೆತ್ತನೆ ಚೆನ್ನಾಗಿ ಕಾಣಲೆಂದು ಚಾಕ್‌ನಲ್ಲಿ ತಿದ್ದುವುದು ಎಲ್ಲವೂ ಬೇಡ. ಮಡಿಕೈಯ ಕಾಞಿರಪೊಯಿಲ್‌ನಲ್ಲಿ ಬಂಡೆಯ ಮೇಲೆ ಪಾದದ ಗುರುತುಗಳೂ ಮನುಷ್ಯನ ಆಕೃತಿಯೂ ಕಂಡುಬಂದಂಥ ಕಡೆ ಚಾಕ್‌ನಿಂದ ಆಗುವ ನಷ್ಟ ದೊಡ್ಡದು, ಯಾವುದು ಮೂಲ ಗೆರೆ ಯಾವುದು ನಾವು ಊಹಿಸಿದ್ದು ಎಂದು ಆಮೇಲೆ ತಿಳಿಯುವುದಿಲ್ಲ. ಓರೆ ಬೆಳಕಿನಲ್ಲಿ, ಬೇಕಾದರೆ ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದು ಫೋಟೊ ತೆಗೆದರೆ ಸಾಕು.

ಅಗೆಯುವುದು ಕಾನೂನಿಗೆ ವಿರುದ್ಧ, ಅದೂ ನಿಧಿಯ ಆಸೆಗೆ ಅಗೆಯುವುದು ದಡ್ಡತನ. ಈ ಗೋರಿಗಳಲ್ಲಿ ಇರುವುದು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಕೆಲವೊಮ್ಮೆ ಕೆಂಪು ಹರಳಿನ ಮಣಿ. ಮನೆ ಕಟ್ಟುವಾಗ ತಾನಾಗಿ ಸಿಕ್ಕಿದರೆ ಕೆಲಸ ನಿಲ್ಲಿಸಿ ಗ್ರಾಮ ಕಚೇರಿಗೂ ರಾಜ್ಯ ಪುರಾತತ್ತ್ವ ಇಲಾಖೆಗೂ ಬರಹದಲ್ಲಿ ತಿಳಿಸಬೇಕು. ಕೇರಳದ ಪುರಾತನ ಸ್ಮಾರಕಗಳ ಕಾಯ್ದೆಯೂ ನಿಧಿ ಕಾಯ್ದೆಯೂ 1968ರಿಂದ ಇವೆ. ತಿಳಿಸಿದರೆ ಜಾಗ ಹೋಗುತ್ತದೆ ಎಂಬ ಹೆದರಿಕೆ ಎಲ್ಲ ಕಡೆ ಇದೆ. ಕಟ್ಟಡಕ್ಕೆ 100 ಮೀಟರ್ ನಿಷೇಧ, ಮುಂದಿನ 200 ಮೀಟರ್ ನಿಯಂತ್ರಣ ಎಂಬುದು ಬೇಕಲ ಕೋಟೆಯಂತೆ ಕೇಂದ್ರ ಸರಕಾರ ರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ. ಕಲ್ಲು ಸಿಕ್ಕಿತೆಂಬ ಕಾಗದ ಕೊಟ್ಟಮಾತ್ರಕ್ಕೆ ಅದು ಬರುವುದಿಲ್ಲ.

ಅರ್ಜಿಯನ್ನು ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲೇ ಕೊಡಬಹುದು. ಮಲಯಾಳದ ಪ್ರತಿಯೊಂದನ್ನು ಲಗತ್ತಿಸಿದರೆ ಕಡತ ಬೇಗ ಸರಿಯುತ್ತದೆ. ಸರ್ವೆ ನಂಬ್ರ, ಗ್ರಾಮ, ಪಂಚಾಯತು, ಜಾಗ ಖಾಸಗಿಯೋ ಸರಕಾರಿಯೋ, ಹತ್ತಿರದ ರಸ್ತೆಯಿಂದ ಎಷ್ಟು ದೂರ, ಅಳತೆಗಳು, ನಾಲ್ಕು ಫೋಟೊ, ಕೋರೆ ಅಥವಾ ಜೆಸಿಬಿ ಕೆಲಸ ಎಷ್ಟು ಹತ್ತಿರ ಬಂದಿದೆ ಎಂಬುದು. ಕೊನೆಯದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಕೈಯಲ್ಲಿರಲಿ. ಗವಿಗೋರಿಯಾದರೆ ನಿಖರ ಜಾಗವನ್ನು ಅರ್ಜಿಯಲ್ಲಿ ಮಾತ್ರ ಕೊಟ್ಟು, ಫೇಸ್‌ಬುಕ್ಕಿನಲ್ಲಿ ಪಂಚಾಯತಿನ ಹೆಸರಿಗೇ ನಿಲ್ಲಿಸಿ. ಮೊಬೈಲ್ ಫೋಟೊದ ಒಳಗೇ ಜಾಗದ ಅಂಕಿಗಳು ಕೂತಿರುತ್ತವೆ, ಹಂಚುವ ಮೊದಲು ಅದನ್ನೂ ತೆಗೆಯಬೇಕು.